ಎಸ್‌ಜಿ ಬ್ರಾಕೆಟ್ ಒಂದರ ಮೆಥಡಿಂಗ್: ಡ್ರಾಯಿಂಗ್‌ನಿಂದ ಮೂರನೇ ಹೀಟ್‌ವರೆಗೆ

ಬೆಳಗಾವಿಯ ಉದ್ಯಮಬಾಗ, ಮಚ್ಚೆ ಕಡೆಯ ಫೌಂಡ್ರಿಗಳಿಗೆ ಬರುವ ಕೆಲಸದಲ್ಲಿ ಬೇರಿಂಗ್ ಬ್ರಾಕೆಟ್ ತೀರಾ ಸಾಮಾನ್ಯ. ಅಚ್ಚಿಗೆ ಲೋಹ ಎಲ್ಲಿಂದ ಬರಬೇಕು, ಹೇಗೆ ತಣಿಯಬೇಕು ಎಂದು ಮೊದಲೇ ಯೋಜಿಸುವುದೇ ಮೆಥಡಿಂಗ್; ಹೀಟ್ ಎಂದರೆ ಕುಲುಮೆಯಲ್ಲಿ ಒಮ್ಮೆಗೆ ಕರಗಿಸಿದ ಲೋಹ. ಈ ಬರಹದ ಬ್ರಾಕೆಟ್ ಎಸ್‌ಜಿ ಐರನ್ (ಮೆಗ್ನೀಸಿಯಂ ಬೆರೆಸಿ ಗ್ರಾಫೈಟನ್ನು ಉಂಡೆಯಾಗಿಸಿದ ಎರಕ ಕಬ್ಬಿಣ) 450/10 ಗ್ರೇಡಿನದು, ತೂಕ 10 ಕೆ.ಜಿ. ಒಂದು ತುದಿಯಲ್ಲಿ 120 ಮಿ.ಮೀ. ಹೊರವ್ಯಾಸ, 90 ಮಿ.ಮೀ. ಎತ್ತರದ ಬಾಸ್ (ದಪ್ಪ ಉರುಳೆಯಂಥ ಭಾಗ), ಅದರೊಳಗೆ ಕೋರ್ (ಮರಳಿನ ತಿರುಳು) ಹಾಕಿ ತೆಗೆಯಬೇಕಾದ 60 ಮಿ.ಮೀ. ಬೋರ್ (ನಡುವಿನ ತೂತು). ಬಾಸಿನ ನಡುಮಟ್ಟದಿಂದ ಹೊರಗೆ ಚಾಚಿದ 14 ಮಿ.ಮೀ. ದಪ್ಪದ ಪ್ಲೇಟ್, ಅದರ ಮೇಲೂ ಕೆಳಗೂ 6 ಮಿ.ಮೀ. ರಿಬ್ (ಆಸರೆಯ ತೆಳು ಗೋಡೆ). ಬೋರನ್ನು ಮಶಿನ್ ಮಾಡಿದ ಮೇಲೆ ಒಳಮೈಯಲ್ಲಿ ಸೂಜಿಮೊನೆಯಷ್ಟೂ ರಂಧ್ರ ಕಾಣಬಾರದು ಎಂಬುದು ಗಿರಾಕಿಯ ಷರತ್ತು. ಹಸಿ ಮರಳಿನ ಅಚ್ಚು, ಒಂದು ಬಾಕ್ಸಿಗೆ ಎರಡು ನಗ.

ಸಾಫ್ಟ್‌ವೇರ್ (ಎರಕ ತುಂಬುವುದನ್ನೂ ತಣಿಯುವುದನ್ನೂ ಲೆಕ್ಕ ಹಾಕಿ ಪರದೆಯಲ್ಲಿ ತೋರಿಸುವ ಸಿಮ್ಯುಲೇಷನ್) ತೆರೆಯುವ ಮೊದಲು ಕ್ಯಾಲ್ಕುಲೇಟರ್ ಹಿಡಿದು ಕೂರುವುದು ನಮ್ಮ ಪದ್ಧತಿ. ಹೊಸಬರಿಗೆ ಇದು ಹಳೇ ಕಾಲದ ಹಟ ಅನ್ನಿಸುತ್ತದೆ, ಆದರೆ ಉತ್ತರ ಸುಮಾರಾಗಿ ಎಷ್ಟಿರಬೇಕು ಅಂತ ಗೊತ್ತಿಲ್ಲದವನಿಗೆ ಪರದೆಯ ಮೇಲಿನ ಬಣ್ಣ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ. ಆಧಾರ ಒಂದೇ ಸೂತ್ರ. ಎರಕ ಗಟ್ಟಿಯಾಗುವ ಸಮಯ ಅದರ ಪರಿಮಾಣವನ್ನು ತಣಿಯುವ ಮೈಯಿಂದ ಭಾಗಿಸಿ ಬಂದ ಸಂಖ್ಯೆಯ, ಅಂದರೆ ಮಾಡ್ಯುಲಸ್‌ನ, ವರ್ಗಕ್ಕೆ ತಕ್ಕಂತೆ ಇರುತ್ತದೆ. ಇದನ್ನು ಖ್ವೋರಿನೋವ್ ಎಂಬ ಎಂಜಿನಿಯರ್ 1940ರಲ್ಲಿ ತೋರಿಸಿಕೊಟ್ಟರು. ನಮ್ಮ ಪ್ಲೇಟಿನ ಮಾಡ್ಯುಲಸ್ ದಪ್ಪದ ಅರ್ಧ, 7 ಮಿ.ಮೀ. ಬಾಸಿನ ಪರಿಮಾಣ 763 ಘನ ಸೆಂ.ಮೀ., ಸುತ್ತಲಿನ ಮೈ 679 ಚದರ ಸೆಂ.ಮೀ., ಮಾಡ್ಯುಲಸ್ ಸುಮಾರು 11 ಮಿ.ಮೀ. ಆದರೆ ಬೋರಿನ ಕೋರ್ ಸಣ್ಣದು, ನಾಲ್ಕೂ ಕಡೆಯಿಂದ ಲೋಹ ಸುತ್ತುವರಿದದ್ದು, ಬೇಗ ಕಾದುಬಿಡುತ್ತದೆ. ಕೋರಿನ ಕಡೆ ತಣಿಯುವುದೇ ಇಲ್ಲ ಅಂತ ಲೆಕ್ಕ ಹಿಡಿದರೆ ಮಾಡ್ಯುಲಸ್ 15ಕ್ಕೆ ಏರುತ್ತದೆ. ನಿಜ ಈ ಎರಡರ ನಡುವೆ ಎಲ್ಲೋ ಇರಬೇಕು. ಆಮೇಲೆ ಸಾಫ್ಟ್‌ವೇರ್ ಕೊಟ್ಟದ್ದು 14. ಅಂದರೆ ಬಾಸ್ ಗಟ್ಟಿಯಾಗಲು ಪ್ಲೇಟಿಗಿಂತ ನಾಲ್ಕು ಪಟ್ಟು ಸಮಯ ಬೇಕು, ಪ್ಲೇಟಿನ ಕಡೆಯಿಂದ ಬಾಸಿಗೆ ಲೋಹ ಹರಿದು ಬರುವ ದಾರಿ ಬೇಗನೇ ಮುಚ್ಚಿಹೋಗುತ್ತದೆ. ಬಾಸಿಗೆ ತನ್ನದೇ ರೈಸರ್, ಅಂದರೆ ಕುಗ್ಗುವಾಗ ಲೋಹ ಒದಗಿಸುವ ಹೆಚ್ಚುವರಿ ಗಡ್ಡೆ, ಬೇಕೇ ಬೇಕು.

ಈಗ ಪೇಟೆಯಲ್ಲಿರುವ ಸಾಫ್ಟ್‌ವೇರ್ ಬಗ್ಗೆ ಎರಡು ಮಾತು. ಜರ್ಮನಿಯ ಆಹೆನ್ ಊರಿನ ಮ್ಯಾಗ್ಮಾಸಾಫ್ಟ್, ಫೈನೈಟ್ ಎಲಿಮೆಂಟ್ ಪದ್ಧತಿಯ ಪ್ರೊಕಾಸ್ಟ್, ಅಮೆರಿಕದ ಸಾಲಿಡ್‌ಕಾಸ್ಟ್, ಐಐಟಿ ಬಾಂಬೆಯ ಪ್ರೊ. ಬಿ. ರವಿ ಅವರ ಸಂಶೋಧನೆಯಿಂದ ಬೆಳೆದ ಆಟೋಕಾಸ್ಟ್, ಇವೆಲ್ಲ ನಮ್ಮ ಕಡೆ ಕೇಳಿಬರುವ ಹೆಸರುಗಳು. ಹಾಟ್‌ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಜಾಗ) ಎಲ್ಲಿದೆ ಎಂದು ನಿಮಿಷಗಳಲ್ಲಿ ತೋರಿಸುವುದು ಕೆಲವು. ಲೋಹ ತುಂಬುವುದು, ತಣಿಯುವುದು, ಗ್ರಾಫೈಟ್ ಹಿಗ್ಗುವುದು ಎಲ್ಲವನ್ನೂ ಗಂಟೆಗಟ್ಟಲೆ ಲೆಕ್ಕ ಹಾಕುವುದು ಕೆಲವು. ಯಾವುದು ಉತ್ತಮ ಎನ್ನುವುದಕ್ಕಿಂತ ಅದಕ್ಕೆ ನಾವು ಯಾವ ಮರಳು, ಯಾವ ಮೆಟಲ್, ಯಾವ ಉಷ್ಣತೆ ಹೇಳಿಕೊಟ್ಟೆವು ಎನ್ನುವುದೇ ಮುಖ್ಯ ಎಂಬುದನ್ನು ಈ ಬ್ರಾಕೆಟ್ ಚೆನ್ನಾಗಿ ಕಲಿಸಿತು.

ಮಾಡೆಲ್ ತಯಾರಿಯಲ್ಲಿ ಗಿರಾಕಿ ಕಳಿಸಿದ ಫೈಲನ್ನು ಹಾಗೇ ಹಾಕಬಾರದು. ಅದು ಮಶಿನ್ ಆದ ಭಾಗದ ಆಕಾರ, ಎರಕದ್ದಲ್ಲ. ಬೋರಿಗೂ ಮುಖಗಳಿಗೂ 3 ಮಿ.ಮೀ. ಮಶಿನಿಂಗ್ ಅಲೋಯನ್ಸ್ (ಆಮೇಲೆ ಕೆತ್ತಿ ತೆಗೆಯಲು ಬಿಡುವ ಲೋಹ), ಒಂದು ಡಿಗ್ರಿ ಡ್ರಾಫ್ಟ್ (ಮಾದರಿ ಮರಳಿನಿಂದ ಸಲೀಸಾಗಿ ಹೊರಬರಲು ಕೊಡುವ ಓರೆ), ಮೂಲೆಗಳಿಗೆ ಫಿಲೆಟ್ (ದುಂಡಗಿನ ತಿರುವು), ಡ್ರಿಲ್ ಮಾಡಬೇಕಾದ ಸಣ್ಣ ತೂತುಗಳನ್ನೆಲ್ಲ ಮುಚ್ಚುವುದು: ಇಷ್ಟಾದ ಮೇಲೇ ಅದು ಎರಕ. ಮೇಲೆ ಹೇಳಿದ ಅಳತೆಗಳೆಲ್ಲ ಈ ಅಲೋಯನ್ಸ್ ಸೇರಿಸಿದ ಮೇಲಿನವು. ಎಸ್‌ಟಿಎಲ್‌ಗೆ (ಮೈಯನ್ನು ಸಣ್ಣ ತ್ರಿಕೋನಗಳಾಗಿ ಬರೆಯುವ ಫೈಲಿಗೆ) ಬದಲಿಸುವಾಗ ಟಾಲರನ್ಸ್ 0.1 ಮಿ.ಮೀ.ಗಿಂತ ಒರಟಾಗಿದ್ದರೆ ಫಿಲೆಟ್‌ಗಳು ಪಟ್ಟಿಪಟ್ಟಿಯಾಗುತ್ತವೆ. ಮೈಯಲ್ಲಿ ಬಿರುಕು ಉಳಿದಿದ್ದರೆ ಮೆಶ್ ಮಾಡುವಾಗ (ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ಕಣಗಳಾಗಿ ಒಡೆಯುವಾಗ) ಮರಳಿನೊಳಗೆ ಲೋಹ ಸೋರಿದಂತೆ ಕಾಣುತ್ತದೆ. ಮೆಶ್ ಆದ ಕೂಡಲೇ ಸಾಫ್ಟ್‌ವೇರ್ ತೋರಿಸುವ ತೂಕವನ್ನು ಕೈಲೆಕ್ಕದ ತೂಕದ ಜೊತೆ ಹೋಲಿಸುವುದು ಅತಿ ಸುಲಭದ ತಪಾಸಣೆ. ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಹೋಗುವುದಿಲ್ಲ.

ಮೆಶ್ ಎಷ್ಟು ಸಣ್ಣದಿರಬೇಕು? ಅತಿ ತೆಳು ಗೋಡೆಯ ದಪ್ಪದಲ್ಲಿ ಕನಿಷ್ಠ ಮೂರು ಕಣ ಕೂರಬೇಕು. ನಮ್ಮ ರಿಬ್ 6 ಮಿ.ಮೀ., ಹಾಗಾಗಿ ಕಣ 2 ಮಿ.ಮೀ. ಬಾಕ್ಸ್ 900×600×400 ಮಿ.ಮೀ.; ಎಲ್ಲ ಕಡೆ 2 ಮಿ.ಮೀ. ಇಟ್ಟರೆ 2 ಕೋಟಿ 70 ಲಕ್ಷ ಕಣ. ಅದೇ 4 ಮಿ.ಮೀ. ಇಟ್ಟರೆ 34 ಲಕ್ಷಕ್ಕೆ ಇಳಿಯುತ್ತದೆ, ಆದರೆ ರಿಬ್‌ನಲ್ಲಿ ಒಂದೂವರೆ ಕಣ ಮಾತ್ರ ಕೂತು, ಲೋಹ ಅಲ್ಲಿಗೆ ತಲುಪಿತೋ ಇಲ್ಲವೋ ಎಂಬ ಉತ್ತರವೇ ಸುಳ್ಳಾಗುತ್ತದೆ. ಎರಕದ ಹತ್ತಿರ 2, ದೂರದ ಮರಳಿಗೆ 8 ಎಂದು ಬೇರೆ ಬೇರೆ ಇಟ್ಟು ರಾತ್ರಿ ರನ್ ಹಚ್ಚಿ ಹೋಗುವುದು ನಮ್ಮ ರೂಢಿ.

ಮೊದಲ ರನ್‌ನಲ್ಲಿ ಗೇಟೂ (ಲೋಹ ಒಳಬರುವ ದಾರಿ) ಇಲ್ಲ, ರೈಸರೂ ಇಲ್ಲ. ಬರೀ ಎರಕ, ತುಂಬಿದ ಸ್ಥಿತಿಯಿಂದಲೇ ತಣಿಯಲು ಬಿಡುವುದು. ಎಲ್ಲಿ ಕೊನೆಗೆ ಗಟ್ಟಿಯಾಗುತ್ತದೆ ಎಂಬುದನ್ನು ತನ್ನ ಪಾಡಿಗೆ ಹೇಳಲು ಎರಕಕ್ಕೆ ಬಿಡಬೇಕು. ಮೊದಲೇ ರೈಸರ್ ಇಟ್ಟುಬಿಟ್ಟರೆ ಅದರ ಬಿಸಿಯೇ ಚಿತ್ರವನ್ನು ಕೆಡಿಸುತ್ತದೆ. ಬಾಸಿಗೆ ರಿಬ್ ಸೇರುವ ಕಡೆ, ಬೋರಿನ ಮೈಯಿಂದ 10 ಮಿ.ಮೀ. ಒಳಗೆ ಹಾಟ್‌ಸ್ಪಾಟ್ ಬಂತು. ಲೋಹದ ಮಧ್ಯಕ್ಕಿಂತ ಕೋರಿನ ಕಡೆಗೆ ವಾಲಿಕೊಂಡಿತ್ತು. ಕೋರ್ ಕಾದುಬಿಡುತ್ತದೆ ಎಂಬ ಕೈಲೆಕ್ಕದ ಅನುಮಾನ ಇಲ್ಲಿ ನಿಜವಾಯಿತು.

ಎರಡೂ ಎರಕಗಳ ಬಾಸನ್ನು ಎದುರುಬದುರು ಇಟ್ಟು ನಡುವೆ ಒಂದೇ ಬ್ಲೈಂಡ್ ರೈಸರ್ (ತಲೆಯ ಮೇಲೂ ಮರಳು ಮುಚ್ಚಿರುವುದು) ಎಂದು ತೀರ್ಮಾನವಾಯಿತು. ಹಸಿ ಮರಳಿನಲ್ಲಿ ರೈಸರ್ ಮಾಡ್ಯುಲಸ್ ಬಾಸಿನದರ 1.2 ಪಟ್ಟು ಎಂದು ಹಿಡಿದು ಶುರು ಮಾಡುತ್ತೇವೆ: 14×1.2, ಅಂದರೆ 16.8 ಮಿ.ಮೀ. ಎತ್ತರ ವ್ಯಾಸದ ಒಂದೂವರೆ ಪಟ್ಟು ಇರುವ ಸಿಲಿಂಡರಿಗೆ ಮಾಡ್ಯುಲಸ್ ವ್ಯಾಸದ 0.1875 ಪಟ್ಟು, ಹಾಗಾಗಿ 90 ಮಿ.ಮೀ. ವ್ಯಾಸ, 135 ಮಿ.ಮೀ. ಎತ್ತರ, ತೂಕ 5.9 ಕೆ.ಜಿ. ಇಲ್ಲಿಗೆ ನಿಲ್ಲಿಸುವವರು ಬಹಳ. ಪರಿಮಾಣದ ಲೆಕ್ಕವನ್ನೂ ಮಾಡಬೇಕು. ದ್ರವ ಕಬ್ಬಿಣ ಪ್ರತಿ 100 ಡಿಗ್ರಿ ತಣಿದಾಗ ಸುಮಾರು ಶೇ. 1.5 ಕುಗ್ಗುತ್ತದೆ, 1400ರಿಂದ 1150ಕ್ಕೆ ಇಳಿಯುವಾಗ ಶೇ. 3.75. ಎರಡು ನಗದ 20 ಕೆ.ಜಿ.ಗೆ 750 ಗ್ರಾಂ ಬೇಕು. ಮಾಮೂಲಿ ರೈಸರ್ ತನ್ನ ತೂಕದಲ್ಲಿ ಸುಮಾರು ಶೇ. 15 ಕೊಡಬಲ್ಲದು, ಅಂದರೆ 890 ಗ್ರಾಂ. ಸಾಕು. ಎಕ್ಸೋಥರ್ಮಿಕ್ ಸ್ಲೀವ್ (ತಾನೇ ಉರಿದು ಬಿಸಿ ಕೊಡುವ ಕವಚ) ಹಾಕಿ ವ್ಯಾಸವನ್ನು 65 ಮಿ.ಮೀ.ಗೆ ಇಳಿಸಬಹುದೇ ಎಂದೂ ನೋಡಿದೆವು. ಸ್ಲೀವಿನ ಗುಣಕ 1.4 ಹಿಡಿದರೆ ಮಾಡ್ಯುಲಸ್ ಹೊಂದುತ್ತದೆ, ಯೀಲ್ಡ್ (ಹೊಯ್ದ ಲೋಹದಲ್ಲಿ ಎರಕವಾಗುವ ಪಾಲು) ಶೇ. 67ರಿಂದ 76ಕ್ಕೆ ಏರುತ್ತದೆ, ಆದರೆ 2.2 ಕೆ.ಜಿ. ರೈಸರ್ ಶೇ. 30 ಕೊಟ್ಟರೂ 660 ಗ್ರಾಂ ಮಾತ್ರ. ಮಾಡ್ಯುಲಸ್ ಪಾಸ್, ಪರಿಮಾಣ ಫೇಲ್. ಜೊತೆಗೆ ಫ್ಲೋರಿನ್ ಇರುವ ಸ್ಲೀವ್‌ನ ಉಳಿಕೆ ವಾಪಸ್ ಮರಳಿಗೆ ಸೇರುತ್ತ ಹೋದರೆ ಎಸ್‌ಜಿ ಎರಕದ ಮೈಮೇಲೆ ಮೀನಿನ ಕಣ್ಣಿನಂಥ ಗುಳಿ ಏಳುತ್ತವೆ. ಬಿಟ್ಟೆವು.

ರೈಸರನ್ನೂ ಎರಕವನ್ನೂ ಜೋಡಿಸುವ ನೆಕ್ ವಿಷಯದಲ್ಲಿ ಎಸ್‌ಜಿಗೂ ಸ್ಟೀಲಿಗೂ ತದ್ವಿರುದ್ಧ. ಸ್ಟೀಲಿನಲ್ಲಿ ನೆಕ್ ಎರಕಕ್ಕಿಂತ ತಡವಾಗಿ ಗಟ್ಟಿಯಾಗಬೇಕು. ಎಸ್‌ಜಿಯಲ್ಲಿ ಗ್ರಾಫೈಟ್ ಹುಟ್ಟುವಾಗ ಲೋಹ ಹಿಗ್ಗುತ್ತದೆ. ಆ ಹೊತ್ತಿಗೆ ನೆಕ್ ಮುಚ್ಚಿರಬೇಕು, ಇಲ್ಲದಿದ್ದರೆ ಹಿಗ್ಗಿದ ಲೋಹ ವಾಪಸ್ ರೈಸರಿಗೇ ಹೋಗಿ, ಕೊನೆಯ ಕುಗ್ಗುವಿಕೆಯನ್ನು ತುಂಬಬೇಕಿದ್ದ ಒತ್ತಡ ವ್ಯರ್ಥ. 35×25 ಮಿ.ಮೀ. ನೆಕ್, ಮಾಡ್ಯುಲಸ್ 7.3, ಬಾಸಿನದರ ಅರ್ಧದ ಆಸುಪಾಸು.

ಗೇಟಿಂಗ್ ಲೆಕ್ಕ ಸೀದಾ. ಒಟ್ಟು 30 ಕೆ.ಜಿ., ಹೊಯ್ಯುವ ಸಮಯ 8 ಸೆಕೆಂಡ್, ಅಂದರೆ ಸೆಕೆಂಡಿಗೆ 543 ಘನ ಸೆಂ.ಮೀ. ಕೋಪ್ (ಅಚ್ಚಿನ ಮೇಲರ್ಧ) ಎತ್ತರ 200 ಮಿ.ಮೀ.; ಬಾಸಿನ ಅರ್ಧ ಕೋಪಿನಲ್ಲಿರುವುದರಿಂದ ಪರಿಣಾಮಕಾರಿ ಎತ್ತರ 189. ಫಿಲ್ಟರ್, ತಿರುವುಗಳ ನಷ್ಟಕ್ಕೆ 0.5 ಹಿಡಿದರೆ ಚೋಕ್‌ನಲ್ಲಿ (ದಾರಿಯ ಅತಿ ಕಿರಿದಾದ ಕಡೆ) ವೇಗ ಸೆಕೆಂಡಿಗೆ 96 ಸೆಂ.ಮೀ., ಚೋಕ್ 5.6 ಚದರ ಸೆಂ.ಮೀ. ಇನ್‌ಗೇಟಿನಲ್ಲಿ (ದಾರಿಯ ಕೊನೆಯ ಬಾಯಿಯಲ್ಲಿ) ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು. ದಾಟಿದರೆ ಲೋಹ ಕಾರಂಜಿಯಂತೆ ಚಿಮ್ಮಿ, ಮೆಗ್ನೀಸಿಯಂನ ಡ್ರಾಸ್ (ಮೇಲೆ ಕಟ್ಟುವ ಆಕ್ಸೈಡ್ ಪೊರೆ) ಮಡಚಿಕೊಂಡು ಒಳಗೆ ಹೋಗುತ್ತದೆ. ಹಾಗಾಗಿ ರೈಸರಿಗೆ 30×15, ಪ್ಲೇಟುಗಳಿಗೆ 30×11ರ ಒಂದೊಂದು. ಮೂರೂ ಸೇರಿ 11.1 ಚದರ ಸೆಂ.ಮೀ., ವೇಗ 49 ಸೆಂ.ಮೀ.

ಕಾಗದದ ಮೇಲೆ 49. ತುಂಬುವ ಸಿಮ್ಯುಲೇಷನ್ ಮಾತ್ರ ಬೇರೆ ಹೇಳಿತು. ಗೇಟುಗಳಿಗೆ ಲೋಹ ಒಯ್ಯುವ ರನ್ನರ್ ಉದ್ದಕ್ಕೂ ಒಂದೇ ಅಡ್ಡಳತೆ ಇದ್ದದ್ದರಿಂದ ಲೋಹ ಹತ್ತಿರದ ರೈಸರ್ ಗೇಟನ್ನು ದಾಟಿ ಓಡಿ, ತುದಿಗೆ ಬಡಿದು, ಪ್ಲೇಟಿನ ಗೇಟುಗಳಿಂದ 80 ಸೆಂ.ಮೀ. ವೇಗದಲ್ಲಿ ನುಗ್ಗುತ್ತಿತ್ತು, ರೈಸರಿಗೆ ತಣ್ಣನೆಯ ಲೋಹ ಕೊನೆಗೆ. ಸಾಫ್ಟ್‌ವೇರ್ ತನ್ನ ಬೆಲೆಯನ್ನು ತಾನೇ ದುಡಿದುಕೊಡುವುದು ಇಂಥ ಕಡೆ, ಏಕೆಂದರೆ ಮೂರು ಗೇಟುಗಳ ನಡುವೆ ಲೋಹ ಹೇಗೆ ಹಂಚಿಕೊಳ್ಳುತ್ತದೆ ಎಂಬುದು ಕೈಲೆಕ್ಕಕ್ಕೆ ಸಿಗುವುದಿಲ್ಲ. ಪ್ರತಿ ಗೇಟು ದಾಟಿದ ಮೇಲೆ ರನ್ನರನ್ನು ಕಿರಿದು ಮಾಡಿ, ತುದಿಯನ್ನು 40 ಮಿ.ಮೀ. ಮುಂದಕ್ಕೆ ಚಾಚಿ, ನಾಲ್ಕನೇ ರನ್‌ಗೆ ಎಲ್ಲ ಗೇಟೂ 55ರೊಳಗೆ ಬಂದವು. ಅರ್ಧ ಮೀಟರಿನ ಗೆರೆಯನ್ನು ಸ್ವಲ್ಪ ದಾಟಿತ್ತು ನಿಜ. ಹೊಯ್ದ ಲೋಹ ಮೊದಲು ಇಳಿಯುವ ಸ್ಪ್ರೂ ಕೆಳಗೆ ಇಂಚಿಗೆ 10 ರಂಧ್ರದ ಫೋಮ್ ಫಿಲ್ಟರ್ ಇರುವುದರಿಂದ ಒಪ್ಪಿದೆವು. ರಿಬ್ ತುದಿಯಲ್ಲಿ ಲೋಹದ ಉಷ್ಣತೆ 1210, ಚಿಂತೆಯಿಲ್ಲ. ಹೊಯ್ಯುವ ಉಷ್ಣತೆ 1340ಕ್ಕೆ ಇಳಿಸಿ ನೋಡಿದರೆ ಅದೇ ಜಾಗ 1165, ಕೋಲ್ಡ್ ರನ್ (ತುಂಬುವ ಮೊದಲೇ ಲೋಹ ಗಟ್ಟಿಯಾಗುವುದು) ಅಂಚಿನಲ್ಲಿತ್ತು. ಹಾಗಾಗಿ ಲ್ಯಾಡಲ್‌ನ (ಲೋಹ ಹೊಯ್ಯುವ ಪಾತ್ರೆಯ) ಕೊನೆಯ ಬಾಕ್ಸೂ 1360ಕ್ಕಿಂತ ಕೆಳಗೆ ಹೋಗಬಾರದು ಎಂದು ಪ್ರೊಸೆಸ್ ಶೀಟಿನಲ್ಲಿ ಬರೆದೆವು.

ತಣಿಯುವ ರನ್‌ನಲ್ಲಿ ಬಾಸ್ ಪೂರ್ತಿ ಶುದ್ಧ. ಗಿರಾಕಿ ನಿಯಾಮ ಚಿತ್ರ (ಸಣ್ಣ ಪೊಳ್ಳು ಎಲ್ಲಿ ಬರಬಹುದೆಂದು ಸೂಚಿಸುವ ನಕ್ಷೆ) ಕೇಳಿದರು, ಕಳಿಸಿದೆವು. ಇದನ್ನು ಖಡಾಖಂಡಿತವಾಗಿ ಹೇಳಲೇಬೇಕು: 1982ರಲ್ಲಿ ನಿಯಾಮ ಮತ್ತು ಸಂಗಡಿಗರು ಕೊಟ್ಟ ಆ ಮಾನದಂಡ ಸ್ಟೀಲ್ ಎರಕಕ್ಕೆ. ಉಷ್ಣತೆಯ ಇಳಿಜಾರನ್ನು ತಣಿಯುವ ವೇಗದ ವರ್ಗಮೂಲದಿಂದ ಭಾಗಿಸುವ ಆ ಲೆಕ್ಕದಲ್ಲಿ ಗ್ರಾಫೈಟ್ ಹಿಗ್ಗುವ ಮಾತೇ ಇಲ್ಲ. ಎಸ್‌ಜಿ ಐರನ್‌ಗೆ ಆ ಚಿತ್ರ ನೋಡಿ ಪಾಸ್ ಅಥವಾ ಫೇಲ್ ಎನ್ನುವುದು ತಪ್ಪು, ಎರಡೂ ದಿಕ್ಕಿಗೆ.

ಮೊದಲ ಹೀಟ್‌ನಲ್ಲಿ ಹತ್ತು ಬಾಕ್ಸ್, ಇಪ್ಪತ್ತು ನಗ. ತಣಿದ ಮೇಲೆ ಶೇಕ್‌ಔಟ್‌ನಲ್ಲಿ (ಅಚ್ಚು ಒಡೆದು ಎರಕ ತೆಗೆಯುವ ಕಡೆ) ರೈಸರ್ ತಲೆಗಳ ಮೇಲೆ ಕಣ್ಣು ಹಾಯಿಸಿದರೆ ಎಲ್ಲವೂ ಚಪ್ಪಟೆ. ಒಂದೂ ಒಳಕ್ಕೆ ಕುಸಿದಿಲ್ಲ. ನೋಡಲು ಅಂದ, ಆದರೆ ಇದಕ್ಕಿಂತ ಕೆಟ್ಟ ಗುರುತಿಲ್ಲ: ಕುಸಿಯದ ರೈಸರ್ ಏನನ್ನೂ ಕೊಟ್ಟಿಲ್ಲ. ಬಾಸನ್ನು ಬ್ಯಾಂಡ್‌ಸಾದಲ್ಲಿ ರಿಬ್‌ನ ಗುಂಟ ಸೀಳಿದೆವು. ಬೋರಿನ ಮೈಯಿಂದ ಶುರುವಾಗಿ ಒಳಕ್ಕೆ ಹೋದ, ಹೆಬ್ಬೆರಳ ಉಗುರಿನಷ್ಟು ಪೊಳ್ಳು. ಅದರ ಒಳಗೋಡೆಯ ಬಣ್ಣವನ್ನು ಬೆಳಕಿಗೆ ಹಿಡಿದು ನೋಡಬೇಕು, ಅಲ್ಲೇ ಉತ್ತರ ಇರುತ್ತದೆ. ಗಾಳಿ ಕಾಣದ ಪೊಳ್ಳಿನಲ್ಲಿ ಡೆಂಡ್ರೈಟ್‌ಗಳು (ಕವಲೊಡೆದ ಲೋಹದ ಹರಳುಗಳು) ಬೆಳ್ಳಗೆ ಮಿನುಗುತ್ತವೆ, ಪುಟ್ಟ ಪೈನ್ ಮರಗಳ ಹಾಗೆ. ಇದರಲ್ಲಿ ಗೋಡೆ ನೀಲಿಗಪ್ಪು, ನುಣುಪು. ಬಿಸಿಯಿದ್ದಾಗಲೇ ಹೊರಗಿನ ಗಾಳಿ ಒಳಹೊಕ್ಕಿದೆ ಎಂದರ್ಥ.

ಆದದ್ದು ಇಷ್ಟು. ಬ್ಲೈಂಡ್ ರೈಸರಿನ ಚಪ್ಪಟೆ ತಲೆ ಮೊದಲೇ ಕೆನೆಗಟ್ಟಿತು. ಒಳಗಿನ ಲೋಹ ಕುಗ್ಗಿದಂತೆ ನಿರ್ವಾತ ಉಂಟಾಯಿತು, ಆದರೆ ವಾತಾವರಣದ ಒತ್ತಡಕ್ಕೆ ರೈಸರ್ ಕಡೆಯಿಂದ ದಾರಿಯಿಲ್ಲ. ಇಡೀ ಎರಕದಲ್ಲಿ ಅತಿ ತೆಳು ಕೆನೆ ಇದ್ದದ್ದು ಕಾದ ಕೋರಿನ ಪಕ್ಕದ ಬೋರಿನ ಮೈಯಲ್ಲಿ. ಗಾಳಿ ಕೋರಿನ ಮರಳಿನ ಮೂಲಕ ಅದನ್ನು ಚುಚ್ಚಿಕೊಂಡು ಒಳಬಂತು, ಬಾಸಿನ ಲೋಹವೇ ರೈಸರ್ ಕಡೆಗೆ ಹರಿಯಿತು. ಸಾಫ್ಟ್‌ವೇರ್‌ಗೆ ಇದು ಗೊತ್ತಾಗಲು ಸಾಧ್ಯವಿರಲಿಲ್ಲ. ರೈಸರ್ ಎಂದು ಗುರುತು ಹಾಕಿದ ಭಾಗದ ಮೇಲೆ ಸದಾ ಗಾಳಿಯ ಒತ್ತಡ ಇದೆ ಎಂದೇ ನಾವು ಬಳಸಿದ ಲೆಕ್ಕ ಹಿಡಿಯುತ್ತದೆ. ಪ್ಯಾಟರ್ನಿನ (ಅಚ್ಚು ಮಾಡುವ ಮಾದರಿಯ) ರೈಸರ್ ತಲೆಯಲ್ಲಿ ವಿ ಆಕಾರದ ತೋಡು ಕೊರೆಸಿದೆವು, 60 ಡಿಗ್ರಿ, 12 ಮಿ.ಮೀ. ಆಳ. ಆ ತೋಡಿಗೆ ಇಳಿಯುವ ಮರಳಿನ ಚೂಪು ಅಂಚು ಎರಡೂ ಕಡೆಯಿಂದ ಕಾದು, ಅಲ್ಲಿ ಕೆನೆಗಟ್ಟದೆ ಗಾಳಿಗೆ ಬಾಗಿಲಾಗುತ್ತದೆ.

ಎರಡನೇ ಹೀಟ್‌ನಲ್ಲಿ ರೈಸರ್‌ಗಳು 25 ಮಿ.ಮೀ.ಯಷ್ಟು ಕುಸಿದಿದ್ದವು, ದೊಡ್ಡ ಪೊಳ್ಳು ಮಾಯ. ಆದರೆ ಸೀಳಿ ಪಾಲಿಶ್ ಮಾಡಿ ಡೈ ಪೆನೆಟ್ರಂಟ್ (ಸಣ್ಣ ರಂಧ್ರಗಳಿಗಿಳಿದು ಅವನ್ನು ತೋರಿಸುವ ಕೆಂಪು ಬಣ್ಣ) ಹಚ್ಚಿದಾಗ ಅದೇ ಜಾಗದಲ್ಲಿ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕಿಗಳು. ಈ ಬಾರಿ ಭೂತಗನ್ನಡಿಯಲ್ಲಿ ಬೆಳ್ಳನೆಯ ಡೆಂಡ್ರೈಟ್. ಅಂದರೆ ಗಾಳಿ ಅಲ್ಲ, ಕೊನೆಯ ಹಂತದ ಕುಗ್ಗುವಿಕೆ ತುಂಬಿಲ್ಲ; ಗ್ರಾಫೈಟಿನ ಒತ್ತಡ ಎಲ್ಲೋ ಸೋರಿದೆ.

ವರ್ನಿಯರ್ ಇಟ್ಟರೆ ಬಾಸಿನ ಹೊರವ್ಯಾಸ ಇರಬೇಕಾದ್ದಕ್ಕಿಂತ 0.9 ಮಿ.ಮೀ. ಜಾಸ್ತಿ. ಸಣ್ಣ ಅಂಕಿಯಂತೆ ಕಾಣುತ್ತದೆ, ಪರಿಮಾಣಕ್ಕೆ ತಿರುಗಿಸಿದರೆ 15 ಘನ ಸೆಂ.ಮೀ., ಬಾಸಿನ ಶೇ. 2. ಅಚ್ಚೇ ಹಿಂದಕ್ಕೆ ಸರಿದಿತ್ತು. ಅಚ್ಚಿನ ಗಡಸುತನ ಅಳೆದಾಗ ಮೇಲ್ಮೈಯಲ್ಲಿ 90, ಬಾಸಿನ ಆಳದ ಗೋಡೆಯಲ್ಲಿ 75. ಮರಳಿನ ಕಂಪ್ಯಾಕ್ಟಬಿಲಿಟಿ (ಒತ್ತಿದಾಗ ಶೇಕಡಾ ಎಷ್ಟು ತಗ್ಗುತ್ತದೆ ಎಂಬ ಅಳತೆ) ಅಂದು 46 ಇತ್ತು. ಅಷ್ಟು ಹಸಿ ಮರಳು ಆಳಕ್ಕೆ ಹರಿಯದೆ ಬಾಯಲ್ಲೇ ಗಂಟುಕಟ್ಟುತ್ತದೆ. ಲ್ಯಾಬ್ ವರದಿಯಲ್ಲಿ ಕಾರ್ಬನ್ 3.42, ಸಿಲಿಕಾನ್ 2.4, ಅಂದರೆ ಸಿಇ (ಕಾರ್ಬನ್ ಜೊತೆ ಸಿಲಿಕಾನಿನ ಮೂರನೇ ಒಂದು ಭಾಗ ಕೂಡಿಸಿದ ಅಂಕಿ) 4.22. ಸಾಫ್ಟ್‌ವೇರಿಗೆ ನಾವು ಕೊಟ್ಟದ್ದು ಕಾರ್ಬನ್ 3.6, ಸಿಲಿಕಾನ್ 2.5, ಸಿಇ 4.43, ಅಚ್ಚು ಅಲುಗಾಡದ ಬಂಡೆ. ಕಾರ್ಬನ್ ಕಡಿಮೆಯಾದರೆ ಹಿಗ್ಗಲು ಗ್ರಾಫೈಟೂ ಕಡಿಮೆ.

ಲೈನಿನಲ್ಲಿ ಏನನ್ನೂ ಬದಲಿಸುವ ಮೊದಲು ಈ ನಿಜದ ಅಂಕಿಗಳನ್ನೇ ಹಾಕಿ ಮತ್ತೆ ರನ್ ಮಾಡಿದೆವು. ಎರಕ ಕಬ್ಬಿಣದ ಮಾಡ್ಯೂಲಿನಲ್ಲಿ ಅಚ್ಚಿನ ಗಟ್ಟಿತನ ಇಳಿಸುವ ಆಯ್ಕೆ ಇದೆ. ಇಳಿಸಿದ್ದೇ ತಡ, ಚುಕ್ಕಿಗಳು ಸೀಳಿದ ತುಂಡಿನಲ್ಲಿದ್ದ ಜಾಗದಲ್ಲೇ ಪರದೆಯ ಮೇಲೆ ಮೂಡಿದವು. ಮರಳಿನ ದತ್ತಾಂಶವನ್ನೂ ತಿದ್ದಬೇಕಾಯಿತು. ಬಾಸಿನ ಹೊರಮೈಯಿಂದ 5 ಮತ್ತು 15 ಮಿ.ಮೀ. ದೂರದ ಮರಳಿನಲ್ಲಿ ಕೆ ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇಟ್ಟು ಒಂದು ಬಾಕ್ಸ್ ಹೊಯ್ದೆವು. 15 ಮಿ.ಮೀ.ಯ ಗೆರೆ 100 ಡಿಗ್ರಿಗೆ ಬಂದು, ನೀರು ಆವಿಯಾಗಿ ಮುಗಿಯುವ ತನಕ ಮಟ್ಟಸವಾಗಿ ನಿಂತು, ಆಮೇಲೆ ಏರಿತು. ಸಾಫ್ಟ್‌ವೇರಿನ ಗೆರೆಯಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಡೀಫಾಲ್ಟ್ ಆಗಿ ಬಂದದ್ದು ಒಣ ಸಿಲಿಕಾ ಮರಳು. ಶೇ. 3.2 ತೇವದ ಮರಳನ್ನು ಆರಿಸಿದ ಮೇಲೆ ಎರಡೂ ಗೆರೆ ಕೂಡಿದವು.

ಪರಿಹಾರ ಇದ್ದದ್ದು ಪರದೆಯಲ್ಲಲ್ಲ, ಲೈನಿನಲ್ಲಿ. ಕಂಪ್ಯಾಕ್ಟಬಿಲಿಟಿ 40ಕ್ಕೆ ತಂದು, ಸ್ಕ್ವೀಜ್ ಒತ್ತಡ ಏರಿಸಿದಾಗ ಬಾಸಿನ ಗೋಡೆ 87ಕ್ಕೆ ಬಂತು. ಸಿಇ 4.4ಕ್ಕೆ ಏರಿಸಿದೆವು. ಇದಕ್ಕಿಂತ ತೀರಾ ಮೇಲೆ ಹೋದರೆ ದಪ್ಪ ಭಾಗದಲ್ಲಿ ಗ್ರಾಫೈಟ್ ತೇಲಿ ಮೇಲಕ್ಕೆ ಸೇರುತ್ತದೆ. ಹೊಯ್ಯುವ ಧಾರೆಯಲ್ಲೇ ಶೇ. 0.1 ಇನಾಕ್ಯುಲಂಟ್ (ಗ್ರಾಫೈಟ್ ಹುಟ್ಟಲು ನೆರವಾಗುವ ಬೆರಕೆ), ಲ್ಯಾಡಲ್‌ನಲ್ಲಿ ಹಾಕಿದ್ದು ಕೊನೆಯ ಬಾಕ್ಸಿನ ಹೊತ್ತಿಗೆ ಸತ್ವ ಕಳೆದುಕೊಂಡಿರುತ್ತದೆ. ಮೆಗ್ನೀಸಿಯಂ ಟ್ರೀಟ್‌ಮೆಂಟ್ ಆದ ಹತ್ತು ನಿಮಿಷದಲ್ಲಿ ಲ್ಯಾಡಲ್ ಖಾಲಿ. ಬಾಕ್ಸ್ ಮೇಲೆ ತೂಕದ ಜೊತೆ ಕ್ಲ್ಯಾಂಪ್. ಬಾಸಿನ ಕೆಳಗೆ 25 ಮಿ.ಮೀ. ಚಿಲ್ (ಬೇಗ ತಣಿಸುವ ಲೋಹದ ತುಂಡು) ಇಡುವುದೂ ಒಂದು ದಾರಿಯಾಗಿತ್ತು, ಸಿಮ್ಯುಲೇಷನ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೆ ಹಸಿ ಮರಳಿನಲ್ಲಿ ಕೂತ ಚಿಲ್‌ನ ಮೇಲೆ ತೇವ ಕೂತರೆ ಬ್ಲೋಹೋಲ್ (ಆವಿಯಿಂದ ಏಳುವ ಪೊಳ್ಳು) ಖಚಿತ, ಪ್ರತಿ ಬಾಕ್ಸಿಗೂ ಕೈಯಲ್ಲಿ ಇಡಬೇಕು. ಲೈನಿನ ವೇಗಕ್ಕೆ ಅದು ಹೊಂದುವುದಿಲ್ಲ.

ಮೂರನೇ ಹೀಟ್‌ನ ಮೊದಲ, ನಡುವಿನ ಮತ್ತು ಕೊನೆಯ ಬಾಕ್ಸ್‌ನಿಂದ ಒಂದೊಂದು ನಗ ಸೀಳಿದೆವು. ಕೊನೆಯ ಬಾಕ್ಸ್ 1365ರಲ್ಲಿ ಹೊಯ್ದದ್ದು. ಬಾಸಿನ ವ್ಯಾಸ 0.2 ಮಿ.ಮೀ. ಮಾತ್ರ ಜಾಸ್ತಿ, ಡೆವಲಪರ್ (ರಂಧ್ರದ ಬಣ್ಣವನ್ನು ಹೊರಗೆಳೆಯುವ ಬಿಳಿ ಲೇಪ) ಹಚ್ಚಿದ ಮೇಲೆ ಮೂರೂ ತುಂಡುಗಳ ಬಿಳಿ ಮೈಮೇಲೆ ಕೆಂಪು ಏಳಲಿಲ್ಲ. ಉಳಿದ ನಗಗಳು ಬೋರಿಂಗ್‌ಗೆ ಹೋದವು. ತೇವದ ಮರಳು, ಗಡಸುತನ 85ರ ಅಚ್ಚು, ಸಿಇ 4.4, ಈ ಮೂರನ್ನು ನಮ್ಮ ಲೈನಿನ ಹೆಸರಲ್ಲೇ ಒಂದು ದತ್ತಾಂಶವಾಗಿ ಸಾಫ್ಟ್‌ವೇರಿನಲ್ಲಿ ಉಳಿಸಿದ್ದೇವೆ. ಮಳೆಗಾಲ ಹಿಡಿದು ಮರಳಿನ ತೇವ ಬದಲಾದಾಗ ಥರ್ಮೋಕಪಲ್ ಬಾಕ್ಸ್ ಇನ್ನೊಮ್ಮೆ ಹೊಯ್ಯಬೇಕು.